ಮಡಿಲ ಹಕ್ಕಿ

"ಸೆರಗ ಸರ್ಯಾಗಿ ಇಡ್ಕೊಳವ್ವ. ಚೆಲ್ಲೋಯ್ತದೆ."

ಪುಟ್ಟಗೌರಮ್ಮ ಹಾಗೆಂದ ಕ್ಷಣ ಪ್ರಮೀಳಾಳ ಕೈಯಲ್ಲಿದ್ದ ಕಾಫಿ ಲೋಟ ತುಟಿಯ ಹತ್ತಿರವೇ ನಿಂತಿತು.

ಬೆಳಗೊಳದ ಆ ಮನೆಯ ನಡುಮನೆಯಲ್ಲಿ ಸುಮ ಮಣೆಯ ಮೇಲೆ ಕೂತಿದ್ದಳು. ಪುಟ್ಟಗೌರಮ್ಮ ಬೊಗಸೆಯಲ್ಲಿ ಅಕ್ಕಿ ತೆಗೆದು ಅವಳ ಮಡಿಲಿಗೆ ಹಾಕುತ್ತಿದ್ದರು. ಅಕ್ಕಿಯ ಮೇಲೆ ಒಂದು ಅಚ್ಚು ಬೆಲ್ಲ, ಕೊಬ್ಬರಿ ಬಟ್ಟಲು, ವೀಳ್ಯದೆಲೆ, ಹಸಿರು ರವಿಕೆ ಕಣ. ತವರಿನಿಂದ ಹೊರಡುವ ಮಗಳಿಗೆ ತುಂಬುವ ಮಡಿಲಕ್ಕಿ.

ನಲವತ್ತು ದಾಟಿದ ಸುಮಳಿಗೆ ಇದುವರೆಗೆ ಯಾರೂ ಮಡಿಲು ತುಂಬಿರಲಿಲ್ಲ. ಅವಳು ತಲೆ ತಗ್ಗಿಸಿಯೇ ಇದ್ದಳು. ಮೂಗಿನ ತುದಿ ಕೆಂಪಗಾಗಿತ್ತು.

ನಾಗಮಂಗಲದಲ್ಲಿ ಅಂಗನವಾಡಿ ಕಾರ್ಯಕರ್ತೆಯಾಗಿದ್ದ ಸುಮ ಪ್ರಮೀಳಾಳ ಹತ್ತಿರ ಬಂದದ್ದು ಒಂದೇ ಒಂದು ಮಾತನ್ನು ಹಿಡಿದುಕೊಂಡು. ಸಾಕಿದ ತಾಯಿ ಬೀರಮ್ಮ ಸಾಯುವ ಮುಂಚೆ, ಟಿವಿಯಲ್ಲಿ ಬರುತ್ತಿದ್ದ 'ಮಡಿಲ ಹಕ್ಕಿ' ಹಾಡಿನ ಕಡೆಗೆ ಬೆರಳು ತೋರಿಸಿ, "ಇದ ಆಡ್ದೋಳೇ ನಿನ್ನ ಎತ್ತೋಳು" ಅಂದಿದ್ದಳು. ಆ ಹಾಡು ಹಾಡಿದವರು ಯಾರೆಂದು ಕೇಳಿದರೆ ಇಡೀ ಮಂಡ್ಯ ಜಿಲ್ಲೆ ಬೆಳಗೊಳದ ಪುಟ್ಟಗೌರಮ್ಮನ ಕಡೆಗೆ ಕೈ ತೋರಿಸುತ್ತಿತ್ತು.

ಪ್ರಮೀಳಾ ಹೆಡ್ ಕಾನ್‌ಸ್ಟೇಬಲ್ ಆಗಿ ನಿವೃತ್ತಳಾದವಳು. ಈಗ ಶ್ರೀರಂಗಪಟ್ಟಣದ ಪೇಟೆ ಬೀದಿಯಲ್ಲಿ ಒಂದು ಕೋಣೆ ಹಿಡಿದು, ಕಳೆದುಹೋದವರನ್ನು ಹುಡುಕಿಕೊಡುತ್ತಿದ್ದಳು. ಗಟ್ಟಿ ಸಾಕ್ಷಿ ಸಿಗುವವರೆಗೆ ಬಂದ ಕಾರಣ ಹೇಳಬೇಡ ಎಂದು ಸುಮಳಿಗೆ ಆಣೆ ಹಾಕಿದವಳು ಅವಳೇ. ಆದ್ದರಿಂದ ಪುಟ್ಟಗೌರಮ್ಮನ ಪಾಲಿಗೆ ಸುಮ ಬರೀ ಹಾಡು ಮೆಚ್ಚಿ ಬಂದವಳು, ತವರಿಲ್ಲದ ಹೆಣ್ಣು. ಇವತ್ತು ಮೂರನೆಯ ಭೇಟಿ. "ತವರಿಲ್ದೇ ಇದ್ರೇನು, ನಾನಿಲ್ವಾ?" ಎಂದು ಅವರೇ ಮಣೆ ಹಾಕಿ ಕೂರಿಸಿದ್ದರು.

ಭಾನುವಾರ ಮಂಡ್ಯದಲ್ಲಿ ಪುಟ್ಟಗೌರಮ್ಮನಿಗೆ ಸನ್ಮಾನ. ವೇದಿಕೆ ಹತ್ತುವ ಮುಂಚೆ ಅವರ ಕಾಲಿಗೆ ಬಿದ್ದು "ಅವ್ವಾ" ಅನ್ನುತ್ತೇನೆ, ನೀವು ಬೇಡ ಅಂದರೂ ಅನ್ನುತ್ತೇನೆ ಎಂದು ಸುಮ ಬರುವಾಗ ಬಸ್ಸಿನಲ್ಲೇ ಪ್ರಮೀಳಾಳಿಗೆ ಹೇಳಿಬಿಟ್ಟಿದ್ದಳು.

ಪ್ರಮೀಳಾ ಲೋಟ ಕೆಳಗಿಟ್ಟು ಎದ್ದಳು.

"ಫೋನು ಮಾಡಿ ಬರ್ತೀನಿ" ಅಂದಳು. ಯಾರೂ ಕೇಳಿಸಿಕೊಳ್ಳಲಿಲ್ಲ.

ಹಿತ್ತಿಲಿನ ಕೊಟ್ಟಿಗೆಯಲ್ಲಿ ಎರಡು ಹಸುಗಳು ಮೆಲುಕು ಹಾಕುತ್ತಿದ್ದವು. ಬೇಲಿಯ ಆಚೆ ನಾಲೆಯಲ್ಲಿ ನೀರು ತುಂಬಿ ಹರಿಯುತ್ತಿತ್ತು. ಪ್ರಮೀಳಾ ಗೋಡೆಗೆ ಒರಗಿ, ಫೋನಿನಲ್ಲಿ ಹಾಡು ಹಾಕಿ ಕಿವಿಗೆ ಒತ್ತಿಕೊಂಡಳು. ಹಳೆಯ ಕ್ಯಾಸೆಟ್ಟಿನಿಂದ ಎತ್ತಿದ ಧ್ವನಿ. ಮೊದಲು ಗೊರ ಗೊರ ಸದ್ದು, ಆಮೇಲೆ ಹೆಣ್ಣು ದನಿ.

*ಮಡಿಲ ಹಕ್ಕಿ ಚೆಲ್ಲದಂಗೆ*
*ಮೆಲ್ಲ ನಡೆ ಮಗಳೆ*
*ಹೆಲೆಯ ಮ್ಯಾಲೆ ನೀರು ನಿಂತ*
*ಹಂಗೆ ನಿಲ್ಲು ಮಗಳೆ*

ನೂರು ಸಲ ಕೇಳಿದ ಹಾಡು. ಆದರೂ 'ಚೆಲ್ಲದಂಗೆ' ಅನ್ನುವ ಮಾತು ಇವತ್ತು ಮೊದಲ ಸಲ ಕಿವಿಗೆ ಬಿದ್ದಂತಾಯಿತು. ಹಕ್ಕಿ ಹಾರುತ್ತದೆ, ಕೂಗುತ್ತದೆ, ಕಾಳು ಕುಟುಕುತ್ತದೆ. ಹಕ್ಕಿ ಎಲ್ಲಾದರೂ ಚೆಲ್ಲುತ್ತದೆಯೇ?

ಮತ್ತೆ ಆ 'ಹೆಲೆ'. ಪೇಪರಿನವರು ಅದನ್ನು ಯಾವುದೋ ಹಳೆಯ ಜನಪದ ಶಬ್ದ ಎಂದು ಬರೆದಿದ್ದರು. ಎಲೆಯ ಮೇಲೆ ನೀರಿನ ಹನಿ ನಿಂತ ಹಾಗೆ ಎಂದುಕೊಂಡರೆ ಮಗುವಿಗೂ ಅರ್ಥವಾಗುತ್ತದೆ. ಎಲೆಗೆ ಯಾರೋ ಬೇಡದ 'ಹ' ಅಂಟಿಸಿದ್ದರು. ಹಾಗಾದರೆ ಅಕ್ಕಿಗೂ?

ಆದರೆ ತನಗೆ ಹೊಳೆದದ್ದನ್ನು ತಾನೇ ಪೂರ್ತಿ ನಂಬುವ ಅಭ್ಯಾಸ ಪ್ರಮೀಳಾಳಿಗೆ ಇರಲಿಲ್ಲ. ಕೆ.ಆರ್. ಪೇಟೆಯ ತಿಮ್ಮೇಶನಿಗೆ ಫೋನು ಹಚ್ಚಿದಳು. ಆ ಹಾಡನ್ನು ಧ್ವನಿಮುದ್ರಣ ಮಾಡಿದ್ದು ಕೆ.ಆರ್. ಪೇಟೆಯ ಟೆಂಟ್ ಸಿನಿಮಾದಲ್ಲಿ, ಆಟವಿಲ್ಲದ ಬೆಳಗಿನ ಹೊತ್ತು, ಸುತ್ತ ಗೋಣಿತಾಟು ಕಟ್ಟಿಕೊಂಡು. ಬೆಂಗಳೂರಿನಿಂದ ಬಂದ ಕ್ಯಾಸೆಟ್ ಕಂಪನಿಯವರ ಮಿಷನ್ನು ಹೊತ್ತವನು ತಿಮ್ಮೇಶ. ಈಗ ಅವನದು ಶಾಮಿಯಾನ ಅಂಗಡಿ.

"ತಿಮ್ಮೇಶಣ್ಣ, ನಾನು ಪ್ರಮೀಳಾ. ಒಂದೇ ಒಂದು ಮಾತು."

"ಏಳವ್ವ. ಮೊನ್ನೆನೂ ಒಂದೇ ಮಾತು ಅಂತ ಕೂತು ಕಡ್ಲೆಪುರಿ ಎಲ್ಲ ಖಾಲಿ ಮಾಡ್ದೆ."

"ಆ ಹೆಂಗಸು ಹಾಡುವಾಗ ಬೆಂಗಳೂರಿನವರು ಬೈದ್ರು ಅಂದ್ರಲ್ಲ, ಯಾತಕ್ಕೆ ಬೈದದ್ದು?"

"ಅದೇ ಅಕಾರಕ್ಕೆ."

"ಅಕಾರವೋ ಹಕಾರವೋ?"

"ಅದೇ ಕಣವ್ವ, ಅಕಾರ!"

ಪ್ರಮೀಳಾಳಿಗೆ ನಗು ಬಂತು. ತಡೆದುಕೊಂಡಳು.

"'ಹ ಎಲ್ಲಮ್ಮಾ, ಹ ನುಂಗ್ಬೇಡ, ಬೆಂಗಳೂರಲ್ಲಿ ನಗ್ತಾರೆ' ಅಂತ ಆವಯ್ಯ ಒಂದೇ ಸಮ್ನೆ ಕೂಗಾಡ್ದ. ಪಾಪ, ಎದ್ರುಬುಟ್ಲು ಕಣವ್ವ. ಆಮ್ಯಾಕೆ ಬೇಕಾದ್ದಕ್ಕೂ ಹ, ಬ್ಯಾಡದ್ದಕ್ಕೂ ಹ. ಜಾಗ ಸಿಗ್ದೆ ಇದ್ರೆ ಉಸ್ರಿಗೇ ಒಂದು ಹ ಆಕೋಳು."

"ಯಾರೂ ತಿದ್ದಲಿಲ್ವಾ?"

"ಆವಯ್ಯಂಗೆ ಹ ಬಂದ್ರೆ ಸಾಕಾಗಿತ್ತು. ಅರ್ಥ ಯಾವನ್ಗೆ ಬೇಕು?"

"ನಡುವೆ ನಿಲ್ಲಿಸಿದ್ರಾ?"

"ಇದು ಎಲ್ಡ್ನೇ ಮಾತು. ಊಂ, ಎಲ್ಡು ಸಲ ನಿಲ್ಸುದ್ರು. ಮಗ ಅಳ್ತಿತ್ತು. ಪರದೆ ಇಂದ್ಕೆ ಓಗಿ ಆಲು ಕುಡ್ಸಿ ಬಂದ್ಲು. ಮಕ ಮಾತ್ರ ನಾನು ಕಾಣೆ, ತಲೆ ಮ್ಯಾಕೆ ಸೆರಗಿತ್ತು."

ಪ್ರಮೀಳಾ ಫೋನು ಇಟ್ಟಳು. ಆ ಧ್ವನಿಮುದ್ರಣವಾದ ಸಾವಿರದ ಒಂಬೈನೂರ ಎಂಬತ್ತನಾಲ್ಕರಲ್ಲಿ ಪುಟ್ಟಗೌರಮ್ಮನಿಗೆ ಹಾಲು ಕುಡಿಯುವ ಮಗು ಇರಲಿಲ್ಲ. ಅವರ ಒಬ್ಬನೇ ಮಗ ಆಗಲೇ ಸ್ಲೇಟು ಹಿಡಿದು ಶಾಲೆಗೆ ಹೋಗುತ್ತಿದ್ದ. ಅದನ್ನು ಅವರೇ ಹೋದ ಭೇಟಿಯಲ್ಲಿ ಹೇಳಿದ್ದರು.

ಬಾಗಿಲಿನ ಸಂದಿಯಿಂದ ಒಳಗೆ ಕಾಣುತ್ತಿತ್ತು. ಪುಟ್ಟಗೌರಮ್ಮ ಸುಮಳ ಕೆನ್ನೆಗೆ ಅರಿಸಿನ ಹಚ್ಚುತ್ತಿದ್ದರು. ಸುಮ ಏನೋ ಅಂದಳು. ಇಬ್ಬರೂ ನಕ್ಕರು.

ಈಗ ಒಳಗೆ ಹೋಗಿ ಬಾಯಿ ಬಿಟ್ಟರೆ ಆ ನಗು ಹೋಗುತ್ತದೆ. ಬಿಡದಿದ್ದರೆ ಭಾನುವಾರ ಸಾವಿರ ಜನರ ಎದುರು ಸುಮ ತನ್ನ ತಾಯಿಯಲ್ಲದವರನ್ನು ಅವ್ವ ಅನ್ನುತ್ತಾಳೆ. ನಿಜವಾದವಳು ಎಲ್ಲೋ ಕೂತು ಅದನ್ನೂ ಟಿವಿಯಲ್ಲಿ ನೋಡಬಹುದು. ಒಂದು ಗಳಿಗೆ, ತನಗೆ ತಪ್ಪು ಹೊಳೆದಿರಲಿ ಎಂದು ಪ್ರಮೀಳಾ ಬಯಸಿದಳು. ಆಮೇಲೆ ಚಪ್ಪಲಿ ಬಿಟ್ಟು ಒಳಗೆ ಹೋದಳು.

ಪುಟ್ಟಗೌರಮ್ಮನ ಮೊಮ್ಮಗ ರಘುನಂದನ್ ಅಷ್ಟರಲ್ಲಿ ಶ್ರೀರಂಗಪಟ್ಟಣದ ತನ್ನ ಮೊಬೈಲ್ ಅಂಗಡಿಯಿಂದ ಬಂದು, ಮೂರು ಕಾಲಿನ ಸ್ಟ್ಯಾಂಡಿಗೆ ಫೋನು ಸಿಕ್ಕಿಸುತ್ತಿದ್ದ. ಮರೆಯಾಗಿದ್ದ ಹಾಡನ್ನು ಯೂಟ್ಯೂಬಿಗೆ ಹಾಕಿ ಊರೂರು ಹರಡಿದವನು ಅವನೇ.

"ಸುಮಕ್ಕ, ಸ್ವಲ್ಪ ಈ ಕಡೆ ತಿರುಗಿ. ಅಜ್ಜಿ, ಇನ್ನೊಂದ್ಸಲ ಅಕ್ಕಿ ಹಾಕು. ಸೂಪರ್ ವ್ಯೂಸ್ ಬರುತ್ತೆ."

"ವ್ಯೂಸು ಬೇಯ್ಸಿ ಸಾರು ಮಾಡಕ್ಕಾಯ್ತದೇನ್ಲಾ?" ಅಂದರು ಪುಟ್ಟಗೌರಮ್ಮ. "ಎರಡ್ನೇ ಸಲ ಉಯ್ಯಕ್ಕೆ ಇದೇನು ಭತ್ತದ ಕಣಜ್ವಾ?"

"ರಘು, ಅದನ್ನ ಆಫ್ ಮಾಡಪ್ಪ" ಅಂದಳು ಪ್ರಮೀಳಾ.

ಅವಳ ದನಿಯಲ್ಲಿ ಏನಿತ್ತೋ, ರಘು ಮರುಮಾತಿಲ್ಲದೆ ಆಫ್ ಮಾಡಿದ.

"ಗೌರಮ್ಮೋರೆ, ಈ ಹಾಡಿನ ಮೊದಲ ಸಾಲಿನ ಅರ್ಥ ಸ್ವಲ್ಪ ಹೇಳ್ತೀರಾ?"

ಪುಟ್ಟಗೌರಮ್ಮ ಮೊಮ್ಮಗನ ಮುಖ ನೋಡಿದರು. ಅವನು ಬಾಯಿಪಾಠದಂತೆ ಒಪ್ಪಿಸಿದ.

"ಮಗು ಅಂದ್ರೆ ತಾಯಿ ಮಡಿಲಲ್ಲಿ ಕೂತಿರೋ ಹಕ್ಕಿ ಮೇಡಮ್. ರೆಕ್ಕೆ ಬಲಿತ ಮೇಲೆ ಹಾರಿಹೋಗುತ್ತೆ. ಮೂರು ಪೇಪರಲ್ಲಿ ಬಂದಿದೆ. ಒಬ್ಬರು ಪ್ರೊಫೆಸರ್ ಭಾಷಣಾನೇ ಮಾಡಿದ್ದಾರೆ."

"ಹಕ್ಕಿ ಹಾರುತ್ತೆ, ಸರಿ. ಚೆಲ್ಲುತ್ತಾ?"

"ಅದು... ಚೆಲ್ಲು ಅಂದ್ರೆ ಚೆದುರು ಅಂತ ಒಂದರ್ಥ..."

ಅವನ ಮಾತು ಮುಗಿಯಲಿಲ್ಲ. ಮಣೆಯ ಮೇಲಿದ್ದ ಸುಮ ತನ್ನ ಸೆರಗಿನ ಗಂಟನ್ನೇ ನೋಡುತ್ತಿದ್ದಳು. ಅವಳ ಬಾಯಿ ನಿಧಾನವಾಗಿ ತೆರೆಯಿತು.

"ಅಕ್ಕಾ... ಇದು ಹಕ್ಕಿ ಅಲ್ಲ. ಅಕ್ಕಿ!"

ಅವಳು ಸೆರಗಿನ ಗಂಟನ್ನು ಎತ್ತಿ ತೋರಿಸಿದಳು.

"ಮಡ್ಲಕ್ಕಿ ಚೆಲ್ಲದಂಗೆ ಮೆಲ್ಲ ನಡಿ ಅಂತ. ತವರಿಂದ ಹೊರಟ ಮಗಳಿಗೆ ತಾಯಿ ಏಳ್ತಾವ್ಳೆ!" ಸುಮಳ ಕಣ್ಣು ಅರಳಿತ್ತು. ಅವಳು ಆ ಸಾಲನ್ನು ಮೆಲ್ಲಗೆ, ತನ್ನಷ್ಟಕ್ಕೆ, 'ಹ' ಬಿಟ್ಟು ಹಾಡಿಕೊಂಡಳು. ಇಷ್ಟು ವರ್ಷದ ಹಾಡು ಒಂದೇ ಅಕ್ಷರ ಕಳಚಿ ಅವಳದೇ ಮನೆಯ ಹಾಡಾಗಿತ್ತು.

ಆ ಸಂತೋಷ ಒಂದು ಗಳಿಗೆ ನಿಂತಿತು. ಆಮೇಲೆ ಅವಳು ಪ್ರಮೀಳಾಳ ಮುಖ ನೋಡಿದಳು. ಅಲ್ಲಿ ಸಂತೋಷ ಇರಲಿಲ್ಲ.

"ಹೆದರಿ ಹೆದರಿ 'ಹ' ಹಾಕಿ ಹಾಡಿದವರಿಗೆ, ತಾವು ಹಾಡಿದ್ದು ಅಕ್ಕಿಯೋ ಹಕ್ಕಿಯೋ ಅನ್ನೋದು ಗೊತ್ತಿರಲೇಬೇಕು" ಎಂದಳು ಪ್ರಮೀಳಾ. ಆದಷ್ಟು ಮೆತ್ತಗೆ ಹೇಳಿದಳು. "ಆ ದಿನ ಮಗುವಿಗೆ ಹಾಲು ಕುಡಿಸೋಕೆ ಎರಡು ಸಲ ನಿಲ್ಲಿಸಿದ್ರಂತೆ. ಗೌರಮ್ಮೋರೆ, ಆ ಟೆಂಟಿನೊಳಗೆ ಇದ್ದದ್ದು ನೀವಲ್ಲ."

"ಮೇಡಮ್!" ರಘು ಸ್ಟ್ಯಾಂಡು ಬಿಟ್ಟು ಎದ್ದ. "ಮನೆಗೆ ಕರೆದು ಕಾಫಿ ಕೊಟ್ಟೋರಿಗೆ ಹೀಗಾ ಮಾತಾಡೋದು? ನಾಲ್ಕು ದಿನಕ್ಕೆ ಫಂಕ್ಷನ್ ಇದೆ. ಯಾರು ಕಳಿಸಿದ್ದು ನಿಮ್ಮನ್ನ?"

"ಸುಮ್ಕಿರ್ಲಾ" ಅಂದರು ಪುಟ್ಟಗೌರಮ್ಮ.

ಅವರು ಕಂಬಕ್ಕೆ ಒರಗಿ, ಕಾಲು ನೀಡಿ ಕೂತರು. ಪ್ರಮೀಳಾ ಸಿಟ್ಟು ಬರುತ್ತದೆ, ಇಲ್ಲವೇ ಅಳು ಬರುತ್ತದೆ ಎಂದುಕೊಂಡಿದ್ದಳು. ಮುದುಕಿಯ ತುಟಿಯಲ್ಲಿ ನಗು ಬಂತು.

"ನಂಗೂ ಅನ್ಮಾನ ಇತ್ತು ಕಣವ್ವ. ಅಕ್ಕಿ ಯಾಕೆ ಚೆಲ್ತದೆ, ರೆಕ್ಕೆ ಇರೋ ಅಕ್ಕಿ, ಅಂತ ಎಷ್ಟು ದಿನ ಯೋಚ್ನೆ ಮಾಡಿವ್ನಿ. ಆದ್ರೆ ಯಾರ್ನ ಕೇಳ್ಲಿ? ಆಡ್ದೋಳು ನಾನಲ್ವಾ?"

ರಘು ಕುಸಿದಂತೆ ಕುರ್ಚಿಯ ಮೇಲೆ ಕೂತ. "ಅಜ್ಜೀ... ನೀನಲ್ವಾ?"

"ನಾನಲ್ಲ ಕಣ್ಮಗಾ."

"ಹಂಗಾದ್ರೆ ಇಷ್ಟು ವರ್ಷ ಸುಳ್ಳು?"

"ಸುಳ್ಳೇ. ಆದ್ರೆ ಆರಕ್ಕೆ ಏಳಿದ್ದಲ್ಲ ಕಣ್ಲಾ, ಬೈಗುಳಕ್ಕೆ ಏಳಿದ್ದು."

"ಏನದು, ಬಿಡಿಸಿ ಹೇಳಿ" ಎಂದಳು ಪ್ರಮೀಳಾ. ಹಾರ, ಬೈಗುಳ. ಅವಳಿಗೆ ಇದು ಗೊತ್ತಿರದ ದಾರಿ.

"ಎಂಬತ್ನಾಕು. ಆ ವರ್ಸ ಕ್ಯಾಸೆಟ್ಟು ಮಿಡ್ತೆ ಬಂದಂಗೆ ಬಂತು. ಬಸ್ಸಲ್ಲಿ ಕ್ಯಾಸೆಟ್ಟು, ಓಟ್ಲಲ್ಲಿ ಕ್ಯಾಸೆಟ್ಟು, ಕ್ಷೌರದಂಗ್ಡೀಲಿ ಕ್ಯಾಸೆಟ್ಟು. ನಾವು ಪಾಂಡವಪುರದ ಲೋಕಪಾವನಿ ವಾದ್ಯಗೋಷ್ಠಿಯೋರು. ಅದಕ್ ಮುಂಚೆ ಲಗ್ನದ ತಿಂಗ್ಳಲ್ಲಿ ಮನೆ ಸೇರಕ್ಕೆ ಪುರ್ಸೊತ್ತಿರ್ತಿರ್ಲಿಲ್ಲ. ಆ ವರ್ಸ ಮದ್ವೆಯೋರು ಚಪ್ರಕ್ಕೆ ಒಂದು ಟೇಪ್ ರೆಕಾರ್ಡು ನೇತಾಕಿ, ನೀವು ಬ್ಯಾಡ ಓಗಿ ಅಂದ್ಬುಟ್ರು. ಊಟುಕ್ಕೂ ಕರೀಲಿಲ್ಲ."

"ಗಲಾಟೆ ಆಯ್ತಂತಲ್ಲ?" ಎಂದಳು ಪ್ರಮೀಳಾ.

"ಆಗ್ದೆ ಇರ್ತದಾ? ನಮ್ಮ ಉಡುಗ್ರು ಒಂದು ಅಂಗ್ಡಿಗೆ ನುಗ್ಗಿ, ಕ್ಯಾಸೆಟ್ಟಿನ ರೀಲೆಲ್ಲ ಎಳ್ದು ಬೇಲಿಗೆ ಸುತ್ತುದ್ರು. ಬಿಸ್ಲಿಗೆ ಬೇಲಿ ಪಳಪಳ ಒಳೀತಿತ್ತು. ಕೊನೀಗೆ ಮಂಚಯ್ಯ ಮೇಷ್ಟ್ರು, ನಮ್ಮ ಗೋಷ್ಠಿ ಯಜಮಾನ್ರು, ಆರ್ಮೋನಿ ಪೆಟ್ಗೆ ಮ್ಯಾಲೆ ಕರ್ಪೂರ ಅಚ್ಚಿ ಆಣೆ ಮಾಡ್ಸುದ್ರು. ಕ್ಯಾಸೆಟ್ಟಿಗೆ ಆಡ್ದೋರ ಗಂಟ್ಲು ಬಿದ್ದೋಗ್ಲಿ ಅಂತ. ಎಲ್ರೂ ಮುಟ್ಟುದ್ವಿ."

"ಆ ಆಣೆ ಒಬ್ಬರು ಮುರಿದ್ರು."

"ಸಿದ್ದಿ. ಸಿದ್ದಲಿಂಗಮ್ಮ. ತೊಣ್ಣೂರೋಳು. ನನ್ನ ಜೊತೆ ನಿಂತು ಆಡೋಳು. ಗಂಡ ಬುಟ್ಟೋಗಿದ್ದ, ಕಂಕ್ಳಲ್ಲಿ ಕೂಸು. ಅವ್ರವ್ವ ಆಡ್ತಿದ್ದ ಪದವಂತೆ, ಅದ ಓಗಿ ಆಡ್ಬಂದ್ಲು. ಯೆಸ್ರು ಆಕಬ್ಯಾಡಿ ಅಂತ ಕಾಲಿಗ್ ಬಿದ್ದು ಬಂದ್ಲಂತೆ. ದಸ್ರಾ ಒತ್ಗೆ ಊರ್ ತುಂಬ ಅದೇ ಆಡು."

ಪುಟ್ಟಗೌರಮ್ಮ ಕೊಟ್ಟಿಗೆಯ ಕಡೆ ನೋಡಿದರು. ಹಸು ಒಂದು ಕೂಗು ಹಾಕಿತು.

"ಮೇಷ್ಟ್ರು ಎಲ್ರನ್ನೂ ಕೂರ್ಸಿ ಕ್ಯಾಸೆಟ್ಟು ಆಕುದ್ರು. ಇದ್ಯಾರ ಗಂಟ್ಲು, ಎದ್ದೇಳಿ ಅಂದ್ರು. ಹ, ಹ ಅಂತ ಆಡಿದ್ಕೆ ಯಾರ್ಗೂ ಗುರ್ತಾಗ್ಲಿಲ್ಲ. ನಂಗಾಯ್ತು. ಸಿದ್ದಿ ಕೂಸ ಎದೆಗೆ ಅವ್ಚಿಕೊಂಡು ಕೋಳಿ ಮರಿ ನಡುಗ್ದಂಗೆ ನಡುಗ್ತಿದ್ಲು. ಇನ್ನೇನು ಎದ್ದೇಳ್ಬೇಕು, ಅಷ್ಟ್ರಲ್ಲಿ ನಾನೆದ್ದೆ. ನಂದೇ ಅಂದೆ."

"ಯಾಕಜ್ಜಿ?" ರಘುವಿನ ದನಿ ಸಣ್ಣಗಾಗಿತ್ತು.

"ನಂಗೆ ಗಂಡ ಇದ್ದ. ಅವ್ಳಿಗೆ ಯಾರಿದ್ರು? ಅವತ್ತೇ ನನ್ನೂ, ಡೋಲಕ್ಕು ಬಾರಿಸ್ತಿದ್ದ ನಿಮ್ಮ ತಾತನ್ನೂ ಆಚೆ ಆಕುದ್ರು. ಮನೆಮುರುಕಿ, ಅನ್ನದ ತಟ್ಟೆಗೆ ಮಣ್ಣಾಕ್ದೋಳು, ಏನೇನಂದ್ರು. ನಿಮ್ಮ ತಾತ ಡೋಲಕ್ಕು ಮಾರಿ ಅಸ ತಂದ್ರು. ಅಸ ಬಾಲ ಬೀಸುದ್ರೂ ಇವ್ರು ತಾಳ ಲೆಕ್ಕ ಆಕೋರು, ಪುಣ್ಯಾತ್ಮ."

ಅವರು ಸೆರಗಿನಿಂದ ಮೂಗು ಒರೆಸಿಕೊಂಡರು.

"ಇಪ್ಪತ್ತು ವರ್ಸ ಆ ಬೈಗುಳ ನಂದಾಗಿತ್ತು. ಆಮ್ಯಾಕೆ ಜನಕ್ಕೆ ಮರ್ತೋಯ್ತು. ಈಗ ನೋಡುದ್ರೆ ಇವನು ಅದೆಲ್ಲಿಂದ್ಲೋ ಎಕ್ಕಿ ತಂದು ಮೊಬೈಲಿಗೆ ಆಕ್ದ. ಆರ ಬಂತು. ಬೈಗುಳ ಬಂದಾಗ ನಂದು ಅಂದೋಳು, ಆರ ಬಂದಾಗ ನಂದಲ್ಲ ಅಂತ ಎಂಗವ್ವ ಅನ್ಲಿ? ಅಂದ್ರೆ, ಅವತ್ತು ಏಳಿದ್ದೂ ಸುಳ್ಳಾಯ್ತದಲ್ಲ?"

ಕಳ್ಳತನ ಹಿಡಿಯಲು ಬಂದ ಪ್ರಮೀಳಾ ಬೇರೇನನ್ನೋ ಹಿಡಿದು ನಿಂತಿದ್ದಳು. ಅದನ್ನು ಎಲ್ಲಿ ಇಡಬೇಕೆಂದು ತಿಳಿಯಲಿಲ್ಲ.

ಸುಮ ಇನ್ನೂ ಮಣೆಯ ಮೇಲೇ ಇದ್ದಳು. ಒಂದು ಕೈಯಲ್ಲಿ ಸೆರಗಿನ ಗಂಟು ಬಿಗಿಯಾಗಿ ಹಿಡಿದಿದ್ದಳು.

"ಅಂಗಾರೆ ನೀವು ನಮ್ಮವ್ವ ಅಲ್ವಾ?" ಅಂದಳು.

"ಏನಂದೆ?"

"ಈ ಆಡು ಆಡ್ದೋಳೇ ನಿನ್ನ ಹೆತ್ತೋಳು ಅಂದ್ಲು ಸಾಕುದ್ ತಾಯಿ. ಅದಕ್ಕೇ ಬಂದಿದ್ದು ನಾನು. ನಿಮ್ಮ ಕೈ ಹಿಡ್ಕೊಂಡಾಗ ನಂಗೆ... ನಾನು ಗ್ಯಾರಂಟಿ ಅಂದ್ಕೊಂಡಿದ್ದೆ ಕಣಮ್ಮ." ಅವಳು ಅಳಲಿಲ್ಲ. ಅಂಗನವಾಡಿ ಮಕ್ಕಳಿಗೆ ಹೇಳುವ ಹಾಗೆ ತನಗೆ ತಾನೇ ಹೇಳಿಕೊಂಡಳು. "ಇರ್ಲಿ ಬುಡಿ. ಸಿದ್ದಲಿಂಗಮ್ಮ. ಯೆಸ್ರಾದ್ರೂ ಗೊತ್ತಾಯ್ತಲ್ಲ. ಬದುಕವ್ರಾ?"

ಪುಟ್ಟಗೌರಮ್ಮನ ಮುಖದ ಬಣ್ಣ ಇಳಿದಿತ್ತು.

"ನಿನ್ನ ಸಾಕ್ದೋಳು ಯಾರು?"

"ನಾಗಮಂಗಲದ ಬೀರಮ್ಮ."

"ಯಾವ ಬೀರಮ್ಮ? ಕೋಟೆ ಬೀದಿ, ಮಕ್ಳಿರ್ಲಿಲ್ಲ, ಬುಟ್ಟೀಲಿ ಹೂ ಮಾರ್ತಿದ್ದ ಬೀರಮ್ಮನಾ?"

"ಹೂಂ. ಅವಳೇ."

ಪುಟ್ಟಗೌರಮ್ಮ ಕಂಬ ಹಿಡಿದು ಎದ್ದರು. ಬಂದು ಸುಮಳ ಗದ್ದ ಹಿಡಿದು ಮುಖ ಎತ್ತಿ ನೋಡಿದರು. ಹುಬ್ಬು ನೋಡಿದರು, ಕಿವಿ ನೋಡಿದರು. ಸಿಗಲಿಲ್ಲವೋ, ಸಿಕ್ಕಿತೋ, ಪ್ರಮೀಳಾಳಿಗೆ ತಿಳಿಯಲಿಲ್ಲ.

"ತಾಯೀ" ಅಂದರು. "ಊರೂರು ಪ್ರೋಗ್ರಾಮಿಗೆ ಓಗುವಾಗ ಸಿದ್ದಿ ಕೂಸ ಬೀರಮ್ಮನ ತಾವ ಬುಡ್ತಿದ್ಲು, ನಿಜ. ಆದ್ರೆ ಆ ಕೂಸು ಸತ್ತೋಯ್ತವ್ವ. ದೀಪಾವಳಿಗೆ ಮುಂಚೆ, ಜ್ವರ ಬಂದು. ನಾಗಮಂಗ್ಲಕ್ಕೆ ಓಗಿ ಸಿದ್ದಿ ಪಕ್ಕ ನಿಂತು, ಆ ಮಣ್ಣಿನ ಗುಡ್ಡೆ ಮ್ಯಾಲೆ ಆಲುತುಪ್ಪ ಬುಟ್ಟೋಳು ನಾನು. ಇದೇ ಕೈಲಿ."

ಸುಮ ಕಣ್ಣು ಮಿಟುಕಿಸದೆ ಕೂತಿದ್ದಳು.

"ಮಗುವಿನ ಮುಖ ನೋಡಿದ್ರಾ?" ಪ್ರಮೀಳಾ ಕೇಳಿದಳು.

"ಇಲ್ಲ. ನಾವು ಓಗೋ ಒತ್ಗೆ ಮಣ್ಣಾಗಿತ್ತು."

"ಸಿದ್ದಲಿಂಗಮ್ಮ?"

"ಅವ್ಳೂ ನೋಡಿಲ್ಲ. ಆಸನ ಜಿಲ್ಲೆ ಕಡೆ ಪ್ರೋಗ್ರಾಮಿಗೆ ಓಗಿದ್ಲು. ಸುದ್ದಿ ಮುಟ್ಟಿ ಓಡ್ಬರೋ ಒತ್ಗೆ ಬೀರಮ್ಮ ಎಲ್ಲ ಮುಗ್ಸಿ ಬಾಗ್ಲಲ್ಲಿ ಕೂತಿದ್ಲು."

ಬಾಗಿಲಲ್ಲಿ ಕೂತಿದ್ದಳು. ಒಳಗೆ ಏನಿತ್ತು? ಆ ಗುಡ್ಡೆಯ ಕೆಳಗೆ ಏನಿತ್ತು, ಏನಾದರೂ ಇತ್ತೇ? ಪ್ರಮೀಳಾಳ ತಲೆ ಆ ಕಡೆಗೆ ಓಡಿತು. ಓಡಿದಷ್ಟೇ ಬೇಗ ನಿಂತಿತು. ಬೀರಮ್ಮ ನಿಜವಾಗಿ ಅಂದದ್ದು 'ಎತ್ತೋಳು'. ಅದನ್ನು ಹೆತ್ತೋಳು ಎಂದು ಕೇಳಿಸಿಕೊಂಡವಳು ಸುಮ. ಹೆತ್ತವಳೋ, ಸುಮ್ಮನೆ ಎತ್ತಿ ಆಡಿಸುತ್ತಿದ್ದವಳೋ? ಈಗಷ್ಟೇ ತನಗೆ ದಾರಿ ತೋರಿಸಿದ ಅದೇ ಅಕ್ಷರ ಇಲ್ಲಿ ಕೈಕೊಟ್ಟಿತು. ಕೇಳೋಣವೆಂದರೆ ಬೀರಮ್ಮ ಇರಲಿಲ್ಲ.

"ಸಿದ್ದಲಿಂಗಮ್ಮ ಇದ್ದಾರಾ?"

"ಅವ್ಳೆ. ತೊಣ್ಣೂರಲ್ಲೇ, ಅಣ್ಣನ ಮಗನ ಮನೇಲಿ. ಮಣ್ಣು ಮಾಡಿ ಬಂದ್ಮೇಲೆ ಒಂದು ಪದ ಆಡ್ನಿಲ್ಲ. ಈ ಆಡು ಕಿವಿಗೆ ಬಿದ್ರೆ ಎದ್ದು ಆಚೆ ಓಯ್ತಾಳೆ. ನಿಂದೇ ಅಂತ ಏಳ್ಬುಡ್ಲಾ ಅಂತ ಎಷ್ಟೋ ಸಲ ಕೇಳ್ದೆ. 'ನೀನೇ ಇಟ್ಕೊ ಗೌರಿ, ಮಗಳಿಲ್ದೋಳಿಗೆ ಆ ಪದ ಯಾಕೆ' ಅಂತಾಳೆ."

ತೊಣ್ಣೂರು. ಪಾಂಡವಪುರ ದಾಟಿದರೆ ಸಿಗುವ ಊರು. ಸುಮ ಅಂಗನವಾಡಿ ತರಬೇತಿಗೆ ಹೋಗುವಾಗ ಎಷ್ಟು ಸಲ ಆ ದಾರಿಯಲ್ಲಿ ಬಸ್ಸಿನಲ್ಲಿ ಹೋಗಿರಬಹುದು!

"ನಾನು ಹೋಗ್ತೀನಿ" ಸುಮ ಎದ್ದಳು. "ಅಕ್ಕ, ಈಗ್ಲೇ ಓಗಾನ."

"ಬೇಡ ಸುಮ."

"ಯಾಕೆ?"

"ನೀನು ಅವರ ಮಗಳೇ ಆಗಿದ್ರೆ ನಾನೇ ಹೊತ್ಕೊಂಡು ಹೋಗ್ತೀನಿ. ಆಗಿರದಿದ್ರೆ? ಮಣ್ಣು ಮಾಡಿದ ಮಗೂನ ಎದ್ದು ಬಂತು ಅಂತ ಹೇಳಿ, ಆಮೇಲೆ ಇಲ್ಲ ಅನ್ನೋಕಾಗುತ್ತಾ? ಆ ವಯಸ್ಸಿನ ಜೀವ ತಡಕೊಳ್ಳುತ್ತಾ? ಮೊದಲು ನಾಗಮಂಗಲಕ್ಕೆ ಹೋಗೋಣ. ಗೊತ್ತು ಮಾಡ್ಕೊಳ್ಳೋಣ."

ಸುಮಳಿಗೆ ಅದು ಅರ್ಥವಾಯಿತು. ಅರ್ಥವಾದದ್ದೇ ಅವಳಿಗೆ ಹೆಚ್ಚು ನೋವಾಯಿತು. ಅವಳು ತುಟಿ ಕಚ್ಚಿಕೊಂಡು ಗೋಡೆಯ ಕಡೆ ತಿರುಗಿದಳು. ಈಗ ಅವಳ ಭುಜ ಅಲುಗತೊಡಗಿತು. ಪುಟ್ಟಗೌರಮ್ಮ ಅವಳ ಬೆನ್ನ ಮೇಲೆ ಕೈ ಇಟ್ಟರು.

ಈ ಮೂವರಲ್ಲಿ ಯಾರೂ ರಘುವಿನ ಕಡೆ ನೋಡಿರಲಿಲ್ಲ.

ಅವನು ಅಜ್ಜಿಯ ಗುಂಡಿ ಒತ್ತುವ ಫೋನು ಕೈಗೆತ್ತಿಕೊಂಡಿದ್ದ. ಮುಖ ಕೆಂಪಾಗಿತ್ತು. ಎರಡು ವರ್ಷದಿಂದ ಊರಿಗೆಲ್ಲ ನಮ್ಮಜ್ಜಿ, ನಮ್ಮಜ್ಜಿ ಎಂದು ಸಾರಿಕೊಂಡು ಬಂದ ಹುಡುಗ.

"ನನಗೊಬ್ಬನಿಗೇ ಹೇಳಿಲ್ಲ ನೀನು" ಅಂದ. "ಇನ್ನು ಯಾವುದನ್ನ ನಂಬಲಿ? ನಾನು ಆ ಸಿದ್ದಲಿಂಗಮ್ಮನ್ನೇ ಕೇಳ್ತೀನಿ."

"ರಘೂ, ಬ್ಯಾಡ ಕಣ್ಲಾ!"

ಫೋನು ಆಗಲೇ ಸ್ಪೀಕರಿನಲ್ಲಿ ರಿಂಗಾಗುತ್ತಿತ್ತು. ಪ್ರಮೀಳಾ ಎರಡು ಹೆಜ್ಜೆಗೆ ಅವನ ಹತ್ತಿರ ಹೋಗಿ ಕೈ ಚಾಚಿದಳು. ಅಷ್ಟರಲ್ಲಿ ರಿಂಗು ನಿಂತಿತು.

"ಅಲೋ... ಗೌರೀ?"

ವಯಸ್ಸಾದ ದನಿ. ತಳ ಒಡೆದಿತ್ತು. ಆದರೂ ಹಾಡಿನಲ್ಲಿ ನೂರು ಸಲ ಅದನ್ನು ಕೇಳಿದ್ದ ಪ್ರಮೀಳಾಳಿಗೆ ಬೇರೆ ಸಾಕ್ಷಿ ಬೇಕಾಗಲಿಲ್ಲ. ರಘುವಿಗೂ ಗೊತ್ತಾಯಿತು. ಕೇಳಬೇಕೆಂದು ಸಿಟ್ಟಿನಲ್ಲಿ ಹಚ್ಚಿದ ಫೋನು ಅವನ ಅಂಗೈಯಲ್ಲಿ ಸುಮ್ಮನೆ ಬಿದ್ದಿತ್ತು.

"ಗೌರಿ, ಡೈರಿಗೆ ಆಲಾಕಿ ಬಂದ್ಯಾ? ಯಾಕೆ ಮಾತಾಡ್ತಿಲ್ಲ?"

ಪುಟ್ಟಗೌರಮ್ಮ ಬಾಯಿಗೆ ಸೆರಗು ಒತ್ತಿಕೊಂಡರು. ಪ್ರಮೀಳಾಳ ಬೆರಳು ಕೆಂಪು ಗುಂಡಿಯ ಮೇಲಿತ್ತು. ಒತ್ತಬೇಕಿತ್ತು. ಒತ್ತಲು ಆಗಲಿಲ್ಲ.

ಸುಮ ಗೋಡೆಯಿಂದ ತಿರುಗಿದಳು. ಸದ್ದು ಮಾಡಬಾರದೆಂದು ಎರಡು ಕೈಯಿಂದಲೂ ಬಾಯಿ ಮುಚ್ಚಿಕೊಂಡಿದ್ದಳು. ಮುಚ್ಚಿದರೂ ಬೆರಳ ಸಂದಿಯಿಂದ ಒಂದು ಬಿಕ್ಕು ಹೊರಗೆ ಬಂತು. ಅಷ್ಟೇ, ಒಂದೇ.

ಫೋನಿನ ಆ ಕಡೆ ದನಿ ನಿಂತಿತು. ಉಸಿರು ಹಿಡಿದು ಕಿವಿಗೊಟ್ಟಂತೆ.

"ಗೌರಿ ಅಲ್ಲ ಇದು" ಅಂದಿತು ಆ ದನಿ, ಮೆಲ್ಲಗೆ. "ಯಾರವ್ವಾ ಅದು? ಯಾಕ್ ಕಂದಾ ಅಂಗೆ ಅಳ್ತಿದ್ದೀಯ?"